ಹಿನ್ನೀರಿನ ಮಂಜಿನಲ್ಲಿ ಕೇಳಿದ ಮೋಟಾರು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನೇ. ಎಂಜಿನ್ನುಗಳ ಜೊತೆ ಬದುಕಿದ ಮನುಷ್ಯನಿಗೆ ಅಂಥದ್ದರಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಮೋಟಾರು ಚಾಲೂ ಆಗಲಿಲ್ಲವೆಂದರೆ ಪೆಟ್ರೋಲು ಬರುತ್ತಿಲ್ಲ, ಇಲ್ಲವೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿಲ್ಲ. ಹೊಲದ ಪಂಪಿಗೆ ಲಿಂಬೆಹಣ್ಣು ಕಟ್ಟಿದವರನ್ನು ಕಂಡರೆ, ಅದನ್ನು ಹಿಂಡಿ ಪಾನಕ ಮಾಡಿಕೊಂಡು ಕುಡಿಯಿರಿ, ಮೋಟಾರನ್ನು ನಾನು ನೋಡುತ್ತೇನೆ ಎನ್ನುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಹಾಗಂತ ನಂಬಿಕೆ ಬಂತು ಎಂದೂ ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡೆಗೆ ನಮ್ಮ ಮನೆ. ಊರು ಅಲ್ಲಿಂದ ಸ್ವಲ್ಪ ಮೇಲಕ್ಕೆ, ಏರಿನಾಚೆ ಇದೆ. ನನ್ನ ಹತ್ತಿರ ಒಂದು ಫೈಬರ್ ದೋಣಿ ಇತ್ತು. ಆಚೆ ದಂಡೆಯ ಊರುಗಳಿಗೆ ಜನರನ್ನು, ಸೈಕಲ್ಲುಗಳನ್ನು, ಮೇವಿನ ಹೊರೆಗಳನ್ನು ಸಾಗಿಸುತ್ತಿದ್ದೆ. ದೋಣಿಗೆ ಕಾರವಾರದ ಕಡೆಯಿಂದ ತಂದ ಹಳೆಯ ಟು ಸ್ಟ್ರೋಕ್ ಮೋಟಾರು. ಅದನ್ನು ಓಡಿಸುವವನು ನಾನು. ನೋಡಿಕೊಳ್ಳುವವಳು ಮಾತ್ರ ನನ್ನ ಹೆಂಡತಿ ಕಸ್ತೂರಿ.

ಅವಳು ಮೂಡಲಗಿ ಹತ್ತಿರದ ಕಲ್ಲೋಳಿಯವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಮೋಟಾರು ಕೆಟ್ಟಿತ್ತು. ಗೋಕಾಕಿನ ರಜಾಕ್ ಕಾಕಾ ಎಂಬ ಮೇಸ್ತ್ರಿಯ ಹತ್ತಿರ ಒಯ್ದಾಗ ಅವಳೂ ಬಂದಿದ್ದಳು, ಸಂತೆ ಮಾಡಿಕೊಂಡು ಬರೋಣವೆಂದು. ಸಂತೆಗೆ ಹೋಗಲೇ ಇಲ್ಲ. ಕಾಕಾನ ಪಕ್ಕದಲ್ಲಿ ಕುಳಿತು ಅವನು ಬಿಚ್ಚಿದ್ದನ್ನೆಲ್ಲ ನೋಡಿದಳು, ಕೇಳಿದಳು, ಕೈಯಲ್ಲಿ ಹಿಡಿದು ತಿರುವಿದಳು. ಆಮೇಲೆ ಆ ಮೋಟಾರಿಗೆ ನಾನು ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕ್ಯಾನನ್ನು ಕೂಸು ತೂಗಿದ ಹಾಗೆ ತೂಗುವವಳು ಅವಳೇ. ಪ್ಲಗ್ ಬಿಚ್ಚಿ ಹಳೆಯ ಬ್ರಶ್ಶಿನಿಂದ ಉಜ್ಜಿ ಬಿಸಿಲಿಗೆ ಇಡುವವಳು, ಒಳಗೆ ನೀರಾಡುವ ದಾರಿಯಲ್ಲಿ ಕೂತ ಕೆಸರನ್ನು ಸಣ್ಣ ತಂತಿಯಿಂದ ತೆಗೆಯುವವಳು ಎಲ್ಲ ಅವಳೇ. ಇಷ್ಟು ಯಾಕೆ ಕಷ್ಟಪಡುತ್ತಿ ಎಂದರೆ, “ಕೆಟ್ಟ ಮ್ಯಾಲೆ ರಿಪೇರಿ ಯಾರರೆ ಮಾಡ್ತಾರ್ರಿ, ನಡು ನೀರಾಗ ಇರಾವ್ರು ನೀವು” ಎಂದಿದ್ದಳು.

ಸಂಜೆ ನಾನು ಬಂದ ಮೇಲೆ ಮೋಟಾರನ್ನು ಹಿತ್ತಲಿಗೆ ತಂದು ಕಟ್ಟಿಗೆಯ ಸ್ಟ್ಯಾಂಡಿಗೆ ಸಿಕ್ಕಿಸಿ, ಅದರ ತಳದ ಪಂಖಾ ಮುಳುಗುವಷ್ಟು ಬಾವಿಯ ನೀರನ್ನು ಬ್ಯಾರಲ್ಲಿಗೆ ತುಂಬಿ, ಅದರಲ್ಲಿ ಮೋಟಾರು ಓಡಿಸಿ ತೊಳೆಯುತ್ತಿದ್ದಳು. ಹೊಳೆಯಲ್ಲಿ ಓಡುವ ಮೋಟಾರಿನ ಸದ್ದು ಬೇರೆ, ಬ್ಯಾರಲ್ಲಿನಲ್ಲಿ ಓಡುವ ಸದ್ದು ಬೇರೆ. ಬಾವಿಯೊಳಗಿಂದ ಬಂದಂತೆ ಗುಮ್ಮೆನ್ನುತ್ತದೆ. ಅವಳು ಹಗ್ಗ ಎಳೆದೊಡನೆ ಅದು ಕೆಮ್ಮಿದ ಹಾಗೆ ಮಾಡಿ, ಒಂದು ಕ್ಷಣ ತಡೆದು, ಆಮೇಲೆ ಸಲೀಸಾಗಿ ಓಡುತ್ತಿತ್ತು. ನಿಲ್ಲಿಸುವ ಮುಂಚೆ ಅವಳೊಮ್ಮೆ ಎಕ್ಸಲರೇಟರ್ ಏರಿಸಿ, ಮೆಲ್ಲಗೆ ಇಳಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಬಂದ್ ಮಾಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಆ ಸದ್ದು ನಿಂತಾಗ ನನಗೆ ದಿನ ಮುಗಿಯಿತೆಂದು ಅನಿಸುತ್ತಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಕಾಮಾಲೆ ಆಯಿತು. ಬೆಳಗಾವಿಗೆ ಕರೆದುಕೊಂಡು ಹೋದೆವು. ವಾಪಸು ಬರಲಿಲ್ಲ.

ಜಡ್ಡು ಬೀಳುವ ಮುಂಚೆ ಅವಳು ಕಾರ್ಬುರೇಟರ್ ಬಿಚ್ಚಿ, ಅದರ ಭಾಗಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಳೋ ಅದು ಹಾಗೆಯೇ ಇತ್ತು. ಜೋಡಿಸಲು ನನಗೆ ಬರುತ್ತಿರಲಿಲ್ಲ ಎಂದೇನಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದೆ, ಮತ್ತೆ ಮುಚ್ಚುತ್ತಿದ್ದೆ. ಹೊಟ್ಟೆಪಾಡಿಗೆ ಬೇರೊಂದು ಮೋಟಾರು ತಂದು ದೋಣಿಗೆ ಹಾಕಿದೆ. ಅವಳದ್ದು ಹಿತ್ತಲಿನ ಸ್ಟ್ಯಾಂಡಿನಲ್ಲೇ ಗೋಣಿಚೀಲ ಹೊದ್ದು ನಿಂತಿತು.

ಮರು ಚಳಿಗಾಲದ ಒಂದು ಮುಂಜಾನೆ. ಹಿನ್ನೀರಿನ ನಡುವೆ ಒಂದು ನಡುಗಡ್ಡೆಯಿದೆ. ಅಲ್ಲಿ ಕುರಿ ಮೇಯಿಸಲು ಬಾಳಪ್ಪ ಎಂಬ ಮುದುಕ ಹೆಂಡತಿಯೊಡನೆ ಬಂದು ಇಳಿಯುತ್ತಿದ್ದ. ವರ್ಷಕ್ಕೊಮ್ಮೆ ನಮ್ಮ ಕಡೆ ಬಂದರೆ ಉಳಿದ ದಿನ ಎಲ್ಲೆಲ್ಲೋ ತಿರುಗುವ ಕುರುಬರು. ಹಿಂದಿನ ವರ್ಷಗಳಲ್ಲಿ ನಮ್ಮ ಮನೆಗೆ ಬಂದಾಗ ಕಸ್ತೂರಿ ಮೋಟಾರು ತೊಳೆಯುವುದನ್ನು ಅವನು ನೋಡಿದ್ದ. ಅವರ ಕುರಿಗಳನ್ನು ಆ ಸಲ ದಾಟಿಸಿದವರು ಆಚೆ ದಂಡೆಯವರು, ಹೀಗಾಗಿ ಆ ವರ್ಷ ನನಗೂ ಅವನಿಗೂ ಭೇಟಿಯಾಗಿರಲಿಲ್ಲ. ಬೆಳಕು ಹರಿಯುವಾಗ ಅವನ ಫೋನ್ ಬಂತು. ಹೆಂಡತಿ ಯಲ್ಲವ್ವನಿಗೆ ಉಸಿರಾಡಲು ಆಗುತ್ತಿಲ್ಲ, ಹುಕ್ಕೇರಿ ದವಾಖಾನೆಗೆ ಒಯ್ಯಬೇಕು ಎಂದ. ಊರಿನ ಟೆಂಪೋದ ಮಹಾದೇವನಿಗೆ ದಂಡೆಗೆ ಬಂದು ನಿಲ್ಲಲು ಹೇಳಿ, ದೋಣಿ ಬಿಟ್ಟೆ.

ಹೋಗುವಾಗ ತಿಳಿ ಇತ್ತು. ಯಲ್ಲವ್ವನನ್ನು ಕಂಬಳಿಯಲ್ಲಿ ಸುತ್ತಿ ದೋಣಿಯಲ್ಲಿ ಒರಗಿಸಿ ಹೊರಡುವಷ್ಟರಲ್ಲಿ ನೀರಿನ ಮೇಲೆ ಮಂಜು ಎದ್ದಿತ್ತು. ಸ್ವಲ್ಪ ದೂರ ಬಂದೆವೋ ಇಲ್ಲವೋ, ಮಂಜು ಎಷ್ಟು ದಟ್ಟವಾಯಿತೆಂದರೆ ದೋಣಿಯ ಮೂತಿಯೇ ನನಗೆ ಕಾಣದಾಯಿತು. ಅದೇ ಹೊತ್ತಿಗೆ ಮೋಟಾರು ಎರಡು ಸಲ ಬಿಕ್ಕಳಿಸಿ ನಿಂತಿತು. ಹಗ್ಗ ಎಳೆದೆ, ಪ್ಲಗ್ ಬಿಚ್ಚಿ ಒರೆಸಿದೆ, ಮತ್ತೆ ಎಳೆದೆ. ಪೆಟ್ರೋಲಿನಲ್ಲಿ ನೀರು ಸೇರಿತ್ತು ಎಂದು ಆಮೇಲೆ ಗೊತ್ತಾಯಿತು. ಆಗ ತಿಳಿದದ್ದು ಇಷ್ಟೇ, ಅದು ಇನ್ನು ಚಾಲೂ ಆಗುವುದಿಲ್ಲ.

ಹುಟ್ಟು ಹಾಕಲು ಕುಳಿತೆ. ಆದರೆ ಯಾವ ಕಡೆಗೆ? ಮೋಟಾರಿನ ಗಡಿಬಿಡಿಯಲ್ಲಿ ದೋಣಿ ಎಷ್ಟು ಸಲ ತಿರುಗಿತ್ತೋ. ನಡು ನೀರಿನಲ್ಲಿ ಫೋನಿಗೆ ರೇಂಜ್ ಇರಲಿಲ್ಲ. ಕೂಗಿದರೆ ಕೂಗು ಬಾಯಿಯ ಮುಂದೆಯೇ ಬಿದ್ದ ಹಾಗೆ. ಯಲ್ಲವ್ವನ ಉಸಿರಿನ ಸಿಳ್ಳು ಮಾತ್ರ ಕೇಳುತ್ತಿತ್ತು. ಬಾಳಪ್ಪ ಅವಳ ಬೆನ್ನು ನೀವುತ್ತ ನನ್ನ ಮುಖ ನೋಡುತ್ತಿದ್ದ. ತಪ್ಪು ದಿಕ್ಕಿಗೆ ಹೋದರೆ ಮೈಲುಗಟ್ಟಲೆ ನೀರು. ಆ ಮುದುಕಿಗೆ ಅಷ್ಟು ಹೊತ್ತಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆಗ ಕೇಳಿತು. ಎಡಕ್ಕೆ, ಹಿಂದುಗಡೆಯಿಂದ. ಮೊದಲು ಕೆಮ್ಮಿದ ಹಾಗೆ, ಒಂದು ಕ್ಷಣ ತಡೆ, ಆಮೇಲೆ ಸಲೀಸಾಗಿ. ನೀರಿನ ಮೇಲೆ ಓಡುವ ಸದ್ದಲ್ಲ. ಬ್ಯಾರಲ್ಲಿನ ಗುಮ್ಮೆನ್ನುವ ಸದ್ದು.

ನನ್ನ ಕೈ ಹುಟ್ಟಿನ ಮೇಲೆ ಹಾಗೇ ಇತ್ತು. ಕಿವಿ ನನಗೆ ಮೋಸ ಮಾಡುತ್ತಿದೆ ಎಂದುಕೊಂಡೆ. ಆ ಶಬ್ದಕ್ಕಾಗಿ ಎಷ್ಟು ಸಂಜೆಗಳಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆನೋ, ಅದಕ್ಕೆ ತಲೆಯೇ ಅದನ್ನು ಹುಟ್ಟಿಸಿರಬೇಕು ಎಂದು. ಅಷ್ಟರಲ್ಲಿ ಬಾಳಪ್ಪ ತಲೆ ಎತ್ತಿ ಅದೇ ಕಡೆಗೆ ಕೈ ತೋರಿಸಿದ.

“ಅಕಾ, ನಿಮ್ಮ ಮನಿ ಆ ಕಡೆ ಐತಿ ನೋಡ ತಮ್ಮಾ. ನಿನ್ನ ಹೇಂತಿ ಮೋಟಾರ್ ತೊಳ್ಯಾಕತ್ತಾಳ.”

ಅವನಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ತಿದ್ದಲಿಲ್ಲ. “ಹೂಂ ಅಜ್ಜಾ” ಎಂದೆ. ದೋಣಿ ತಿರುಗಿಸಿ, ಸದ್ದು ಬಂದ ಕಡೆಗೆ ಹುಟ್ಟು ಹಾಕಿದೆ.

ತೋಳಿನಲ್ಲಿ ಇದ್ದಷ್ಟೂ ಶಕ್ತಿ ಹಾಕಿದೆ. ಸದ್ದು ಹೆಚ್ಚುತ್ತ ಬಂತು. ಎಲ್ಲೂ ತಪ್ಪಲಿಲ್ಲ, ಏರಿಳಿಯಲಿಲ್ಲ, ಚೆನ್ನಾಗಿ ನೋಡಿಕೊಂಡ ಮೋಟಾರಿನ ಹಾಗೆ ಒಂದೇ ಸಮನೆ. ಮಂಜಿನಲ್ಲಿ ನಮ್ಮ ದಂಡೆಯ ಜಾಲಿಗಿಡ ಕಪ್ಪಗೆ ಕಂಡಾಗ ಅದು ಒಮ್ಮೆ ಏರಿತು, ಮೆಲ್ಲಗೆ ಇಳಿಯಿತು. ಕಿವಿಗೊಟ್ಟು ಕೇಳುವಷ್ಟು ಹೊತ್ತು ಹಾಗೇ ಓಡಿತು. ದೋಣಿಯ ಮೂತಿ ಮಣ್ಣಿಗೆ ತಾಗಿತು. ಸದ್ದು ನಿಂತಿತು.

ಮಹಾದೇವ ದಂಡೆಯಲ್ಲೇ ನಿಂತಿದ್ದ. ಮೂವರೂ ಸೇರಿ ಯಲ್ಲವ್ವನನ್ನು ಟೆಂಪೋಕ್ಕೆ ಎತ್ತಿ ಹಾಕಿದೆವು. ನಮ್ಮ ಹಿತ್ತಲಲ್ಲಿ ಯಾರು ಮೋಟಾರು ಹಚ್ಚಿದ್ದರು ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ.

“ಯಾವ ಮೋಟಾರ್ರಿ? ಆಗಿಂದ ಇಲ್ಲೇ ನಿಂತೇನಿ. ನಿಮ್ಮ ಹುಟ್ಟಿನ ಸಪ್ಪಳ ಒಂದ ಕೇಳ್ತು ನನಗ.”

ಓಡಿ ಹೋಗಿ ಹಿತ್ತಲು ನೋಡಿದೆ. ಗೋಣಿಚೀಲ ಇಬ್ಬನಿಯಿಂದ ತೊಯ್ದು ಮೋಟಾರಿಗೆ ಅಂಟಿಕೊಂಡಿತ್ತು. ಕೆಳಗೆ ಕೈಯಿಟ್ಟೆ, ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಬ್ಯಾರಲ್ಲಿನ ತಳದಲ್ಲಿ ಒಣ ಎಲೆಗಳು. ಕಾರ್ಬುರೇಟರ್ ಇಲ್ಲದ ಮೋಟಾರು ಓಡುವುದಿಲ್ಲ, ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಯಲ್ಲವ್ವ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ದವಾಖಾನೆಯ ಹೊರಗೆ ಬಾಳಪ್ಪನಿಗೆ ಕಸ್ತೂರಿಯ ಸುದ್ದಿ ಹೇಳಿದೆ. ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ನಾನು ಖರೆ ಕೇಳಿದ್ದೆ ತಮ್ಮಾ ಎಂದಷ್ಟೇ ಅಂದ.

ಆಮೇಲೆ ಸುತ್ತಲಿನ ಊರುಗಳಲ್ಲಿ ವಿಚಾರಿಸಿದೆ. ಆ ಮುಂಜಾನೆ ಮೋಟಾರು ಹಚ್ಚಿದವರು ಯಾರೂ ಸಿಗಲಿಲ್ಲ. ಗೋಕಾಕಿಗೆ ಹೋಗಿ ರಜಾಕ್ ಕಾಕಾನ ಮುಂದೆ ಎಲ್ಲ ಹೇಳಿದೆ. ಮಂಜಿನಲ್ಲಿ ಶಬ್ದ ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ದೂರದ ಯಾವುದೋ ಡೀಸೆಲ್ ಪಂಪು ಇದ್ದೀತು ಎಂದ. ಕೈ ಒರೆಸಿಕೊಳ್ಳುತ್ತ, “ನಿನಗ ಹಂಗ ಅನಿಸಂಗಿಲ್ಲ, ಹೌದಲ್ಲ ಬೇಟಾ” ಎಂದು ಕೇಳಿದ. ಡೀಸೆಲ್ ಪಂಪಿನ ಸದ್ದನ್ನು ಟು ಸ್ಟ್ರೋಕ್ ಮೋಟಾರಿನ ಸದ್ದೆಂದು ತಿಳಿಯುವಷ್ಟು ಹಾಳಾದ ಕಿವಿ ನನ್ನದಲ್ಲ. ಸತ್ತವರು ಬರುತ್ತಾರೆ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಚಳಿಗಾಲದಲ್ಲಿ ಮಂಜು ಬಿದ್ದ ಮುಂಜಾನೆಗಳಲ್ಲಿ ಈಗಲೂ ಒಬ್ಬನೇ ದೋಣಿ ಬಿಟ್ಟುಕೊಂಡು ಹೋಗುತ್ತೇನೆ. ನಡು ನೀರಿನಲ್ಲಿ ಮೋಟಾರು ಬಂದ್ ಮಾಡಿ ಕೂರುತ್ತೇನೆ. ನೀರುಹಕ್ಕಿಗಳು ಕೂಗುತ್ತವೆ, ಮಂಜು ಕರಗುತ್ತದೆ, ಬಿಸಿಲು ಬರುತ್ತದೆ, ಅಷ್ಟೇ. ಆವತ್ತು ಜೋರಾಗಿ ಹುಟ್ಟು ಹಾಕದೆ ಬೇರೆ ದಾರಿ ಇರಲಿಲ್ಲ, ದೋಣಿಯಲ್ಲಿ ಒಂದು ಜೀವ ಇತ್ತು. ಆದರೂ ಒಮ್ಮೊಮ್ಮೆ ಅನಿಸುತ್ತದೆ, ಒಬ್ಬನೇ ಇದ್ದಿದ್ದರೆ ನಾನು ಹುಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ದಂಡೆ ಮುಟ್ಟದೆ ಅಲ್ಲೇ ಮಂಜಿನಲ್ಲಿ, ಅವಳು ಬಂದ್ ಮಾಡುವವರೆಗೂ ಕೇಳುತ್ತ ಕೂತಿರುತ್ತಿದ್ದೆ.