ತೆರಕಣಾಂಬಿ ಶಾಂತಮಲ್ಲಪ್ಪನ ಮೂವತ್ತೆಂಟು ಸೈಟೇಷನ್ನು

ತೆರಕಣಾಂಬಿಯ ಶಾಂತಮಲ್ಲಪ್ಪ ಅರಿಸಿನ ಬೆಳೆಯುವುದರಲ್ಲಿ ಗಟ್ಟಿಗ, ಓದಿನಲ್ಲಿ ಐದನೇ ಕ್ಲಾಸು. ಅಂಥವನ ಹೆಸರನ್ನು ಬ್ರೆಜಿಲ್ಲಿನ, ಥಾಯ್ಲೆಂಡಿನ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಮರ್ಯಾದೆಯಿಂದ ಬರೆದುಕೊಂಡಿದ್ದಾರೆ ಎಂದರೆ ಊರಿನ ಟೀ ಅಂಗಡಿಯಲ್ಲಿ ಇವತ್ತಿಗೂ ನಂಬದವರಿದ್ದಾರೆ. ನಂಬದಿದ್ದರೆ ಅವರ ಕರ್ಮ. ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದರೆ ಕತೆಯನ್ನು ಅವನಿಂದಲ್ಲ, ಅವನ ಮಗಳು ನಾಗಲಕ್ಷ್ಮಿಯಿಂದ ಶುರು ಮಾಡಬೇಕು.

ನಾಗಲಕ್ಷ್ಮಿ ಏಳನೇ ಕ್ಲಾಸಿನಲ್ಲಿದ್ದಾಗ ಅರಿಸಿನದ ಹೊಲದಲ್ಲಿ ಅಪ್ಪನ ಮೀನಖಂಡಕ್ಕೆ ಕೊಳಕುಮಂಡಲ ಹಾವು ಕಚ್ಚಿತು. ಆಸ್ಪತ್ರೆಯ ಇಂಜೆಕ್ಷನ್ನು ಜೀವ ಉಳಿಸಿತು. ಆದರೆ ಕಚ್ಚಿದ ಜಾಗ ಕೊಳೆಯುತ್ತಲೇ ಹೋಗಿ, ವರ್ಷವಾದರೂ ಗಾಯ ಮಾಯಲಿಲ್ಲ. ಅವ್ವ ದೊಡ್ಡಮಲ್ಲಮ್ಮ ಬೆಳಿಗ್ಗೆ ಎದ್ದವಳೇ ನೀರು ಕಾಯಿಸಿ, ಮೂಗು ಮುಚ್ಚಿಕೊಳ್ಳದೆ, ಮುಖ ಸಿಂಡರಿಸದೆ ಅದನ್ನು ತೊಳೆಯುವಳು. ಮಗಳು ಹಳೇ ಸೀರೆಯ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವಳು. ವಿಷ ಇಳಿಯಿತು ಎಂದು ಡಾಕ್ಟರೇ ಹೇಳಿದ ಮೇಲೆ ಮಾಂಸ ಯಾಕೆ ಕೊಳೆಯಬೇಕು? ಈ ಪ್ರಶ್ನೆ ಹುಡುಗಿಯ ತಲೆಯೊಳಗೆ ಹುಳದ ಹಾಗೆ ಹೊಕ್ಕು ಕೂತಿತು. ಅದೇ ಹುಳ ಅವಳನ್ನು ಚಾಮರಾಜನಗರದ ಕಾಲೇಜಿಗೂ, ಅಲ್ಲಿಂದ ಮೈಸೂರಿನ ಪ್ರಯೋಗಾಲಯಕ್ಕೂ ಎಳೆದುಕೊಂಡು ಹೋಯಿತು. ಊರವರು ಅವಳನ್ನು ವಿಷದ ಡಾಕ್ಟ್ರಮ್ಮ ಎನ್ನತೊಡಗಿದರು.

ಎರಡು ಸಾವಿರದ ಏಳರ ಹೊತ್ತಿಗೆ ಅವಳಿಗೆ ಪಿಎಚ್.ಡಿ. ಆಗಿತ್ತು, ನಾಲ್ಕು ಲೇಖನಗಳು ಪ್ರಕಟವಾಗಿದ್ದವು, ಮತ್ತು ಒಂದೇ ಒಂದು ಆಸೆಯಿತ್ತು. ಚಾಮರಾಜನಗರದಲ್ಲಿ ಒಂದು ಸಣ್ಣ ಪ್ರಯೋಗಾಲಯ ಶುರುವಾಗಬೇಕು. ಪುಣಜನೂರಿನಿಂದ ಹಂಗಳದವರೆಗೆ ಹಾವು ಕಚ್ಚಿಸಿಕೊಂಡವರ ಗಾಯವನ್ನು ಅದು ಮಾಯುವ ತನಕ ಹಿಂಬಾಲಿಸಬೇಕು. ಅನುದಾನಕ್ಕೆ ಅರ್ಜಿ ಹಾಕಿ ಗೌರಿ ಹಬ್ಬಕ್ಕೆಂದು ಊರಿಗೆ ಬಂದಿದ್ದಳು. ಗೌರಿ, ಗಣೇಶ ಎರಡೂ ಕಳೆದು ಒಂದು ದಿನ ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ಅನುದಾನ ಕೊಡುವ ಬೆಂಗಳೂರಿನ ಸಮಿತಿಯ ಕಾರ್ಯದರ್ಶಿ ಶಂಭುಲಿಂಗಪ್ಪನವರು.

"ನೋಡಮ್ಮ, ನಾಳೆ ಬೆಳಿಗ್ಗೆ ಮೀಟಿಂಗು. ನಾಲ್ಕು ಲೇಖನ ಬರೆದಿದ್ದೀರಿ, ಸರಿ. ಅವನ್ನ ಯಾರಾದ್ರೂ ಉಪಯೋಗಿಸಿದ್ದಾರಾ? ಸೈಟೇಷನ್ ಎಷ್ಟು ಅಂತ ಸಾಯಂಕಾಲ ಐದರೊಳಗೆ ಈಮೇಲ್ ಮಾಡಿ. ಇಲ್ಲದಿದ್ರೆ ನಿಮ್ಮ ಫೈಲು ಮೇಲೇಳೋದಿಲ್ಲ."

ಐದು ನಿಮಿಷದಲ್ಲಿ ಅಪ್ಪನ ಟಿವಿಎಸ್ಸು ಗುಂಡ್ಲುಪೇಟೆಯ ದಾರಿ ಹಿಡಿದಿತ್ತು. ಶಾಂತಮಲ್ಲಪ್ಪ ಗಾಳಿಗೆ ಎದುರಾಗಿ ಕೂಗಿದ, "ಅದೇನವ್ವ ಅದು ಸೈಟೇಸನ್ನು?"

"ನಾನು ಬರ್ದದ್ದ ಇನ್ನೊಬ್ರು ಒಪ್ಕಂಡು, 'ಇಂಥೋರು ಇಂಗೆ ಏಳವ್ರೆ' ಅಂತ ಎಸ್ರಾಕಿ ಬರಿಯದು ಕಣಪ್ಪ!"

"ಓ, ಪಂಚಾಯ್ತೀಲಿ ಸಾಕ್ಷಿ ಏಳ್ದಂಗೆ. ಎಷ್ಟ್ ಜನ ಏಳವ್ರೆ ನಿಂಗೆ?"

ಅದೇ ಗೊತ್ತಿಲ್ಲವಲ್ಲ! ನಾಗಲಕ್ಷ್ಮಿ ಅಪ್ಪನ ಭುಜ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಬಸ್ ಸ್ಟ್ಯಾಂಡಿನ ಎದುರು ರಂಗಸ್ವಾಮಿಯ ಅಂಗಡಿ. ಒಂದೇ ಬಾಗಿಲೊಳಗೆ ಎಸ್‌ಟಿಡಿ, ಝೆರಾಕ್ಸು, ಎರಡು ಕಂಪ್ಯೂಟರು. ಬ್ಯಾಂಕಿನಿಂದ ನಿವೃತ್ತನಾಗಿ ಬಂದ ರಂಗಸ್ವಾಮಿಗೆ ಯಾವುದಕ್ಕೂ ಅವಸರವಿರಲಿಲ್ಲ. ಅವನ ಇಂಟರ್‌ನೆಟ್ಟಿಗಂತೂ ಅವನಿಗಿಂತ ಹೆಚ್ಚು ನಿಧಾನ. ನಾಗಲಕ್ಷ್ಮಿ ಲೇಖನ ಹುಡುಕುವ ಪುಟ ತೆರೆದು ತನ್ನ ಹೆಸರು ಹೊಡೆದಳು: ಟಿ. ಎಸ್. ನಾಗಲಕ್ಷ್ಮಿ. ತೆರಕಣಾಂಬಿಯ ಟಿ, ಶಾಂತಮಲ್ಲಪ್ಪನ ಎಸ್.

ಪುಟ ಬಿಚ್ಚಿಕೊಂಡಿತು. ಮೂರೇ ಲೇಖನ, ಎರಡೇ ಸೈಟೇಷನ್. ಅದರಲ್ಲೂ ಒಂದು ಅವಳ ಗೈಡು ತಮ್ಮದೇ ಲೇಖನದಲ್ಲಿ ಹಾಕಿಕೊಂಡದ್ದು. ಅಂದರೆ ಮನೆಯವರೇ ಮನೆಯವರಿಗೆ ಹೇಳಿದ ಸಾಕ್ಷಿ. ಚಾಮರಾಜನಗರದ ಪ್ರಯೋಗಾಲಯ ಕಣ್ಣೆದುರೇ ಬಾಗಿಲು ಹಾಕಿಕೊಂಡಿತು.

ಆಮೇಲೆ ಹೊಳೆಯಿತು, ಮೂರೇ ಯಾಕೆ? ನಾಲ್ಕಿರಬೇಕಲ್ಲ? ಮೊಟ್ಟಮೊದಲನೆಯದು, ಗಾಯ ಯಾಕೆ ಮಾಯುವುದಿಲ್ಲ ಎನ್ನುವುದೇ ಎಲ್ಲಿ? ಆ ಲೇಖನದ ತಲೆಬರಹ ಹೊಡೆದಳು. ಪುಟ ಅರ್ಧ ಬಂದು ನಿಂತಿತು. ರಂಗಸ್ವಾಮಿ, "ಬರ್ತದೆ ಇರವ್ವ, ಬತ್ತಾ ಅದೆ" ಎಂದ. ಬಂತು! ಲೇಖನ ಅವಳದೇ. ಕೆಳಗೆ ಸೈಟೇಷನ್ನು ಮೂವತ್ತೆಂಟು. ಮೇಲೆ ಬರೆದವರ ಹೆಸರು, ಶಾಂತಮಲ್ಲಪ್ಪ ಎನ್.

ನಾಗಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅಪ್ಪಾ! ನಿನ್ನೆಸ್ರು!"

ಆರು ವರ್ಷದ ಹಿಂದಿನ ಮಾತು ನೆನಪಾಯಿತು. ಆ ಲೇಖನ ಕಳಿಸುವಾಗ ಪರದೇಶದ ಪತ್ರಿಕೆಯವರು ಮನೆತನದ ಹೆಸರು ಕೇಳಿದ್ದರು. ಈ ಸೀಮೆಯಲ್ಲಿ ಮನೆತನದ ಹೆಸರು ಇಟ್ಟುಕೊಂಡವರು ಯಾರಿದ್ದಾರೆ? ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅಷ್ಟರಲ್ಲಿ ವಂಶವೇ ಮುಗಿಯಿತು. ಮೈಸೂರಿನಿಂದ ಫೋನು ಮಾಡಿ ಕೇಳಿದರೆ ಅಪ್ಪ, "ನನ್ನೆಸ್ರೇ ಬರ್ಕೊ, ನಾನೇನ್ ಸತ್ತೋಗಿದ್ದೀನಾ?" ಎಂದು ರೇಗಿದ್ದ. ಬರೆದಳು, ಮರೆತಳು. ಮುಂದಿನ ಮೂರು ಲೇಖನಕ್ಕೆ ರೂಢಿಯ ಇನಿಶಿಯಲ್ಲೇ ಹಾಕಿದಳು. ಆ ಕಡೆ ಜಗತ್ತಿನ ಪದ್ಧತಿಯಂತೆ ಮನೆತನದ ಹೆಸರು ಮುಂದಕ್ಕೆ ಬಂದು, ಕೆಲಸ ಮಾಡಿದವಳು ಬರೀ ಒಂದು ಎನ್ ಆಗಿ ಹಿಂದೆ ಉಳಿದಿದ್ದಳು.

"ಏನಂತ ಬರ್ದವ್ರವ್ವ ನನ್ ಬಗ್ಗೆ?" ಶಾಂತಮಲ್ಲಪ್ಪ ಪರದೆಗೆ ಮೂಗು ತಾಗಿಸಿ ನಿಂತಿದ್ದ.

ಅವಳು ಬ್ರೆಜಿಲ್ಲಿನವರ ಒಂದು ಸಾಲನ್ನು ಕನ್ನಡದಲ್ಲಿ ಹೇಳಿದಳು. ಇಂಜೆಕ್ಷನ್ನು ರಕ್ತದ ವಿಷ ಇಳಿಸಿದರೂ ಮಾಂಸದೊಳಗೆ ಹೊಕ್ಕದ್ದು ಉಳಿದುಕೊಂಡು ಕೊಳೆಸುತ್ತದೆಂದು ಶಾಂತಮಲ್ಲಪ್ಪ ತಿಳಿಸಿದ್ದಾರೆ. ಅವನು ಪಂಚೆ ಎತ್ತಿ ಮೀನಖಂಡದ ಕುಳಿಯನ್ನು ನೋಡಿಕೊಂಡು, "ನಿಜ್ವೇ ಬರ್ದವ್ರೆ ಕಣಯ್ಯ" ಎಂದು ರಂಗಸ್ವಾಮಿಗೂ ತೋರಿಸಿದ.

ಗಂಟೆ ನಾಲ್ಕಾಗುತ್ತಿತ್ತು. ಅದೇ ಅಂಗಡಿಯ ಎಸ್‌ಟಿಡಿಯಿಂದ ಬೆಂಗಳೂರಿಗೆ ಫೋನು ಹಚ್ಚಿದಳು. ಶಂಭುಲಿಂಗಪ್ಪನವರು ಎಲ್ಲ ಕೇಳಿಸಿಕೊಂಡರು.

"ಈ ಶಾಂತಮಲ್ಲಪ್ಪ ಯಾರಮ್ಮ?"

"ನಮ್ಮಪ್ಪ ಸಾರ್."

"ಅವರೂ ವಿಜ್ಞಾನಿನಾ?"

"ಇಲ್ಲ ಸಾರ್, ಅರಿಸಿನ ಬೆಳೀತಾರೆ."

"ಅಪ್ಪನ ಸೈಟೇಷನ್ನು ಮಗಳಿಗೆ ಬರೋಕೆ ಇದೇನು ಪಿತ್ರಾರ್ಜಿತ ಆಸ್ತಿನಾ? ಎರಡೂ ಹೆಸರಿರೋ ದಾಖಲೆ ಕಳಿಸಿ. ಐದರೊಳಗೆ."

ಮಾರ್ಕ್ಸ್ ಕಾರ್ಡು! ಎಸ್ಸೆಸ್ಸೆಲ್ಸಿಯದು, ಅವಳ ಹೆಸರು ಅಪ್ಪನ ಹೆಸರು ಎರಡೂ ಇರುವಂಥದ್ದು, ತೆರಕಣಾಂಬಿಯ ಮನೆಯ ಟ್ರಂಕಿನಲ್ಲಿದೆ. ಮತ್ತೆ ಫೋನು. "ಅವ್ವಾ, ಟ್ರಂಕಲ್ಲಿರೋ ಕಾರ್ಡ್ ತಕ್ಕಂಡು ಸಿಕ್ಕಿದ್ ಬಸ್ ಅತ್ಕಂಡು ಬಂದ್ಬುಡವ್ವ!" ಬಸ್ಸು ತಡವಾದೀತೆಂದು ಅವಳನ್ನು ತಾನೇ ಕರೆತರಲು ಅಪ್ಪ ಟಿವಿಎಸ್ಸಿನತ್ತ ಓಡಿದ. ಅದಕ್ಕೂ ಇವತ್ತೇ ಕಾಲ ಕೂಡಿ ಬಂದಿತ್ತು, ಎಷ್ಟು ತುಳಿದರೂ ಸ್ಟಾರ್ಟ್ ಆಗಲಿಲ್ಲ. ತಂದೆ ಮಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಂದ ಬಸ್ಸಿಗೆಲ್ಲ ಇಣುಕಿದರು. ಒಬ್ಬರನ್ನೊಬ್ಬರು ಬೈದುಕೊಂಡರು. "ನನ್ನೆಸ್ರು ಬರ್ಕೊ ಅಂತ ಆವತ್ತು ಯಾಕಪ್ಪ ಏಳ್ದೆ?" "ಕೇಳಿದ್ ಯಾರು, ನೀನೇ ತಾನೆ?" ಹತ್ತು ನಿಮಿಷ ಬಾಕಿ ಇರುವಾಗ ಖಾಸಗಿ ಬಸ್ಸೊಂದು ದೂಳೆಬ್ಬಿಸುತ್ತ ನುಗ್ಗಿತು. ದೊಡ್ಡಮಲ್ಲಮ್ಮ ಸೆರಗಿನಲ್ಲಿ ಸುತ್ತಿದ ಕಾರ್ಡನ್ನು ಎದೆಗವಚಿಕೊಂಡೇ ಇಳಿದಳು. "ಕಿತ್ತಾಡದ ಬುಡ್ರಲಾ ಇಬ್ರೂವೆ! ತಗೊ ಕಣಮ್ಮಿ, ಓಡು!"

ಸ್ಕ್ಯಾನ್ ಆಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ರಂಗಸ್ವಾಮಿಯ ಬ್ಯಾಟರಿ ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು. ಅಷ್ಟೂ ಹೊತ್ತು ಕುರ್ಚಿ ಬಿಟ್ಟು ಏಳದ ಆ ಮನುಷ್ಯ ಈಗ ಎದ್ದು ನಿಂತು, "ಕಳ್ಸು ಕಣವ್ವ, ಕಳ್ಸು, ಕಳ್ಸು!" ಎಂದು ಕುಣಿದ. ಹೋಯಿತು! ಮರುಕ್ಷಣ ಪರದೆ ಕಪ್ಪಾಯಿತು. ಐದು ಗಂಟೆಗೆ ಎಸ್‌ಟಿಡಿಯಲ್ಲಿ ಶಂಭುಲಿಂಗಪ್ಪನವರ ದನಿ: "ಬಂತಮ್ಮ. ಮೂವತ್ತೆಂಟೂ ನಿಮ್ಮದೇ, ಒಪ್ಪಿದೆ. ಆದ್ರೆ ಇನ್ಮುಂದೆ ಯಾವುದಾದ್ರೂ ಒಂದು ಹೆಸರು ಇಟ್ಕೊಳ್ಳಿ, ಜೀವನಪೂರ್ತಿ."

ನಾಗಲಕ್ಷ್ಮಿ ಅಂಗಡಿಯೊಳಗೇ ಅಪ್ಪನನ್ನು ತಬ್ಬಿಕೊಂಡಳು. ಶಾಂತಮಲ್ಲಪ್ಪ ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸುವ ಹಾಗೆ ತನ್ನ ಕೀರ್ತಿ ಸಾರತೊಡಗಿದ. ದೊಡ್ಡಮಲ್ಲಮ್ಮ ಮಾತ್ರ ಕಾರ್ಡನ್ನು ಮತ್ತೆ ಸೆರಗಿಗೆ ಸುತ್ತುತ್ತ, "ಇದ್ರಲ್ಲಿ ನನ್ನೆಸ್ರು ಎಲ್ಲದೆ?" ಎಂದಳು.

"ಇಲ್ಲ ಕಣವ್ವ. ಅಪ್ಪಂದು ಮಾತ್ರ."

"ಅದ್ಸರಿ. ಜಮೀನೂವೆ ಅವ್ರೆಸ್ರುಗೆ, ಮನೇನೂವೆ ಅವ್ರೆಸ್ರುಗೆ, ಈಗ ಗಾಯಾನೂ ಅವ್ರೆಸ್ರುಗೆ. ವರ್ಸಗಟ್ಲೆ ಕೀವು ತೊಳ್ದೋಳು ನಾನು."

ನಗುತ್ತಲೇ ಹೇಳಿದಳು. ಆದರೆ ನಾಗಲಕ್ಷ್ಮಿಗೆ ನಗು ಬರಲಿಲ್ಲ.

ಅನುದಾನ ಬಂತು. ಚಾಮರಾಜನಗರದಲ್ಲಿ ಎರಡು ಕೋಣೆಯ ಪ್ರಯೋಗಾಲಯ ಬಾಗಿಲು ತೆರೆಯಿತು. ಮಾರನೇ ವರ್ಷ ಅಲ್ಲಿಂದ ಮೊದಲ ಲೇಖನ ಹೊರಟಾಗ ಹೆಸರಿನ ಪ್ರಶ್ನೆ ಮತ್ತೆ ಎದುರು ನಿಂತಿತು. ಅಪ್ಪ, "ನಿನ್ನೆಸ್ರೇ ಆಕೊ, ನಂಗೆ ಪಹಣಿ ಅದೆ, ಸಾಕು" ಎಂದು ದೊಡ್ಡಸ್ತಿಕೆ ತೋರಿಸಿದ. ಅಪ್ಪನ ಹೆಸರು ಬಿಟ್ಟರೆ ಆ ಮೂವತ್ತೆಂಟೂ ಬೇರೆಯವರದ್ದಾಗಿ ಉಳಿಯುತ್ತಿದ್ದವು. ನಾಗಲಕ್ಷ್ಮಿ ಬಿಡಲಿಲ್ಲ. ಒಂದೇ ಒಂದು ಅಕ್ಷರ ಸೇರಿಸಿದಳು, ಇನ್ನು ಕೊನೆಯವರೆಗೂ ಅದೇ.

ಅಚ್ಚಾದ ಪ್ರತಿ ಹಿಡಿದು ತೆರಕಣಾಂಬಿಗೆ ಬಂದವಳು ನೇರ ಅಡುಗೆಮನೆಗೆ ನುಗ್ಗಿ, ಅವ್ವನ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟಳು. ನಾಗಲಕ್ಷ್ಮಿ ಡಿ. ಶಾಂತಮಲ್ಲಪ್ಪ.

"ಇದು ನಾನು, ಅದು ಅಪ್ಪ. ಈ ಡಿ ನೀನು, ದೊಡ್ಡಮಲ್ಲಮ್ಮ."

ದೊಡ್ಡಮಲ್ಲಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ಹಜಾರದಲ್ಲಿ ಕೂತಿದ್ದ ಗಂಡನಿಗೂ ಕೇಳಿಸುವ ಹಾಗೆ ಅಂದಳು:

"ಸರ್ಯಾದ್ ಜಾಗದಲ್ಲೇ ಕೂರ್ಸಿದ್ದೀಯೆ ಕಣವ್ವ. ನಿಮ್ಮಿಬ್ರ ಮಧ್ಯಕ್ಕೆ ನಾನು ಇಲ್ದೆ ಯಾವತ್ತು ಏನ್ ನಡ್ದದೆ?"