ಮೂರು ಕಾಲಿನ ಕುರ್ಚಿಗೆ ನಾನು ಮಾಡಿದ ಉಪಕಾರ

ಕುರ್ಚಿಗೆ ನಾಲ್ಕು ಕಾಲು ಇರಲೇಬೇಕೆಂಬ ನಂಬಿಕೆ ನನ್ನಲ್ಲಿ ಯಾವಾಗ ಬೇರೂರಿತೋ ತಿಳಿಯದು. ಬಹುಶಃ ಬೀಳುವ ಮುಂಚೆಯೇ ನರಳತೊಡಗುವ ನನ್ನ ಸ್ವಭಾವದ ಜೊತೆಗೇ ಹುಟ್ಟಿರಬೇಕು. ನಾವಿರುವ ಹ್ಯಾರೋ ಎಂಬ ಇಂಗ್ಲಿಷರ ಊರಿನಲ್ಲಿ ನಮ್ಮ ಪಕ್ಕದ ಮನೆಯ ನೋರಾ, ಅಡುಗೆಮನೆಗೆ ಬಣ್ಣ ಹೊಡೆಸುವಾಗ, ಐರ್ಲೆಂಡಿನ ಹಳ್ಳಿಯಿಂದ ತಂದಿದ್ದ ತಮ್ಮ ತಾಯಿಯ ಮೂರು ಕಾಲಿನ ಗಿಡ್ಡ ಕುರ್ಚಿಯನ್ನು ಒಂದು ವಾರದ ಮಟ್ಟಿಗೆ ನಮ್ಮಲ್ಲಿಟ್ಟರು. ಎಂಬತ್ತು ದಾಟಿದ ನೋರಾ ಇದರಿಂದ ಉರುಳಿದರೆ ಗತಿಯೇನು, ನೀವೇ ಹೇಳಿ. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಬಡಗಿಯೊಬ್ಬನನ್ನು ಕರೆಸಿ, ಹಲಗೆಗೆ ತೂತು ಕೊರೆಸಿ, ನಾಲ್ಕನೆಯ ಕಾಲನ್ನು ದಯಪಾಲಿಸಿದೆ.

"ಅಲ್ಲಾ ರೀ, ಅವರಮ್ಮನ ಕುರ್ಚಿಗೆ ಡ್ರಿಲ್ ಹಾಕ್ಸಿದ್ರಾ?" ಎಂದಳು ಹೆಂಡತಿ. "ಈ ಬೀದೀಲಿ ಫೋನ್ ಮಾಡ್ದೆ ಟೀಗೆ ಬರೋರು ಅಂತ ಇದ್ದಿದ್ದು ಅವರೊಬ್ರೇ. ಅವರನ್ನೂ ಕಳ್ಕೊಂಡ್ರಿ!"

ಭಾನುವಾರ ನೋರಾ ಬಂದರು. ಕುರ್ಚಿಯನ್ನು ತಿರುಗಿಸಿ ನೋಡಿ, ಅದರ ಮೇಲೆ ಕೂತರು. ಟಕ್ಕೆಂದು ಅದು ವಾಲಿತು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, "ಇದು ಅಲ್ಲಾಡಿದ್ದು ಇವತ್ತೇ ಮೊದಲು ಕಣಪ್ಪಾ."

ಆಮೇಲೆ ಕೋಣೆ ಬಿಸಿಮಾಡುವ ನಮ್ಮ ರೇಡಿಯೇಟರಿನ ಆಚೆಗೆಲ್ಲೋ ದೃಷ್ಟಿ ನೆಟ್ಟು ಮೆಲ್ಲಗೆ ಹೇಳತೊಡಗಿದರು. ಅವರ ತಾಯಿಯ ಮನೆಯ ನೆಲ ಉಬ್ಬುತಗ್ಗಿನ ಗಟ್ಟಿಮಣ್ಣಿನದು. ಅಲ್ಲಿ ನಾಲ್ಕು ಕಾಲು ತೂಗಾಡಿದರೆ, ಮೂರು ಕಾಲು ಎಲ್ಲಿಟ್ಟರೂ ನಿಲ್ಲುತ್ತಿದ್ದವು. ಜವುಗುನೆಲದಿಂದ ಕಡಿದು, ಸೌದೆಯ ಬದಲಿಗೆ ಒಣಗಿಸಿದ ಬೇರುನಾರಿನ ಹೆಂಟೆಗಳು ಒಲೆಯಲ್ಲಿ ಸದಾ ಉರಿಯುತ್ತ, ಹೊಗೆ ಎರಡನೆಯ ಸೂರಿನಂತೆ ಮೇಲೆ ತೇಲುತ್ತಿತ್ತಂತೆ; ಅದರ ಕೆಳಗೆ ಉಸಿರಾಡಲೆಂದೇ ಆಸನಗಳೆಲ್ಲ ಗಿಡ್ಡ. ತಟ್ಟೆಗಳು ಕೂಡ ಮಸಿ ಕೂರದಂತೆ ಗೂಡಿನಲ್ಲಿ ಮುಂದಕ್ಕೆ ಬಾಗಿ, ಬಂದವರಿಗೆ ನಮಸ್ಕರಿಸುವಂತೆ ನಿಂತಿರುತ್ತಿದ್ದವು. ಕೋಳಿಗಳನ್ನು ತಡೆದು ಬೆಳಕನ್ನಷ್ಟೇ ಒಳಬಿಡುವ ಅರ್ಧಬಾಗಿಲು. ಕೇಳುತ್ತ ಕೇಳುತ್ತ ನಮ್ಮ ಗೋಡೆಗಳು ಕರಗಿ, ಆ ಸಿಹಿಹೊಗೆ ನನ್ನ ಮೂಗಿಗೂ ತಾಗಿ, ಕ್ಷಮೆ ಕೇಳಬೇಕಾದವನು ನಾನೆಂಬುದೇ ಮರೆತುಹೋಯಿತು.

"ಕಾಲು ಕೀಳು," ಎಂದರು ನೋರಾ. ಕಿತ್ತೆ.

"ಈ ತೂತು?"

"ಇರಲಿ ಬಿಡು. ಅಮ್ಮ ಇದ್ದಿದ್ದರೆ ಆ ಕಾಲಲ್ಲೇ ನಿನಗೆ ಬಾರಿಸುತ್ತಿದ್ದಳು. ಈಗ ಕೂತ್ಕೋ. ಹೊಗೆಯೆಲ್ಲ ನಿನ್ನ ತಲೆಯಲ್ಲೇ ತುಂಬಿದೆ."

ಕೂತೆ. ಮೊಣಕಾಲು ಗಲ್ಲಕ್ಕೆ ತಾಗಿದರೂ ಮೂರು ಕಾಲುಗಳು ಮಿಸುಕಲಿಲ್ಲ. ನೋರಾ ನಮ್ಮ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದುಕೊಂಡು, ಹೆಂಡತಿಯ ಕಡೆ ತಿರುಗಿ, ಟೀ ಎಲ್ಲಿ ಎಂದು ಗದರಿದರು. ಹೆಂಡತಿ ನಗುತ್ತ ಒಳಗೆ ಓಡಿದಳು. ನನಗೆ ಮಾತ್ರ, ನಾಲ್ಕೇ ಕಾಲಿನ ಆ ಕುರ್ಚಿಯಲ್ಲಿ ನೋರಾ ಸುರಕ್ಷಿತವಾಗಿದ್ದಾರೆಯೇ ಎಂಬ ಹೊಸ ಚಿಂತೆ ಆರಂಭವಾಯಿತು.