ಚೆನ್ನಯ ಬರೆದ ಮುನ್ನೂರನೆಯ ಸನ್ಮಾನ ಪತ್ರ

ಕೋಪರಖೈರಣೆಯ ಚೆನ್ನಯನಿಗೆ ಈಗ ಅರುವತ್ತೆರಡು ವರ್ಷ. ವಾಶಿಯ ಒಂದು ಹೋಟೆಲಿಗೆ ವೇಟರ್ ಆಗಿ ಸೇರಿ, ಅಲ್ಲಿಯೇ ಮ್ಯಾನೇಜರ್ ಆಗಿ ನಿವೃತ್ತನಾದವನು. ಆದರೆ ಜನ ಅವನನ್ನು ಗುರುತಿಸುವುದು ಸನ್ಮಾನ ಪತ್ರಗಳಿಂದ. ಆ ಕಡೆಯ ಕನ್ನಡ ಸಂಘದವರು (ಯಾವ ಸಂಘ ಅಂತ ಕೇಳಬೇಡಿ, ಹೇಳಿದರೆ ಮುಂದಿನ ವಾರ್ಷಿಕೋತ್ಸವಕ್ಕೆ ನನಗೆ ಊಟದ ಕೂಪನ್ ಸಿಗಲಿಕ್ಕಿಲ್ಲ) ಯಾರಿಗೆ ಸನ್ಮಾನ ಮಾಡಿದರೂ ಮೊದಲು ಶಾಲು, ಆಮೇಲೆ ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಚೌಕಟ್ಟು ಹಾಕಿಸಿದ ಪತ್ರ. ಆ ಪತ್ರವನ್ನು ಮೈಕಿನಲ್ಲಿ ಪೂರ್ತಿ ಓದಲೇಬೇಕು. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಬರೆಯುತ್ತಿದ್ದವನು ಚೆನ್ನಯ. ಹತ್ತಿರಹತ್ತಿರ ಮುನ್ನೂರು ಪತ್ರಗಳಾಗಿದ್ದವು. ತಾನೊಬ್ಬ ಸಾಹಿತಿ ಎಂಬ ಭಾವನೆ ಅವನಿಗೆ ಒಳಗೊಳಗೇ ಗಟ್ಟಿಯಾಗಿತ್ತು.

ಅದಕ್ಕೆ ಕಲ್ಲು ಬಿದ್ದದ್ದು ಕಳೆದ ವರ್ಷ. ಒಂದೇ ವೇದಿಕೆಯಲ್ಲಿ ಇಬ್ಬರಿಗೆ ಸನ್ಮಾನ. ಒಬ್ಬರು ಹಲ್ಲಿನ ಡಾಕ್ಟರ್ ಜಯಂತ್, ಇನ್ನೊಬ್ಬರು ವಾಶಿ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿ ದಯಾನಂದ. ಚೌಕಟ್ಟಿನ ಅಂಗಡಿಯ ಮನೀಶನಿಗೆ ಕನ್ನಡ ಓದಲು ಬರುವುದಿಲ್ಲ. ಡಾಕ್ಟರರ ಪತ್ರವನ್ನು ವ್ಯಾಪಾರಿಯ ಚೌಕಟ್ಟಿಗೂ, ವ್ಯಾಪಾರಿಯದನ್ನು ಡಾಕ್ಟರರ ಚೌಕಟ್ಟಿಗೂ ಹಾಕಿಬಿಟ್ಟ. ಹೆಸರು ಇದ್ದದ್ದು ಚೌಕಟ್ಟಿನ ಕೆಳಗಿನ ತಗಡಿನಲ್ಲಿ ಮಾತ್ರ. ಪತ್ರದೊಳಗೆ ಬರೀ ‘ಮಾನ್ಯರೇ, ತಾವು’. ಹಾಗಾಗಿ ನಿರೂಪಕಿ ಪ್ರಣೀತಾ ಈರುಳ್ಳಿ ದಯಾನಂದರ ಮುಂದೆ ನಿಂತು, ‘ತಾವು ಸಾವಿರಾರು ಮುಖಗಳಲ್ಲಿ ನಗು ಅರಳಿಸಿದವರು’ ಎಂದು ಓದಿದಳು. ಚೆನ್ನಯನ ಜೀವ ಬಾಯಿಗೆ ಬಂತು. ಆದರೆ ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರರು ‘ಮನೆಮನೆಯ ಊಟಕ್ಕೆ ರುಚಿ ತಂದವರು’ ಎನಿಸಿಕೊಂಡು ತಲೆಬಾಗಿ ಕೈಮುಗಿದರು. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಅವನ ಕೈಹಿಡಿದು, ನಮ್ಮನ್ನು ಎಷ್ಟು ಸರಿಯಾಗಿ ಅರ್ಥಮಾಡಿಕೊಂಡಿದ್ದೀರಿ ಎಂದು ಹೊಗಳಿದರು.

ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದವಳು ಅವನ ಹೆಂಡತಿ ನಳಿನಾಕ್ಷಿ ಒಬ್ಬಳೇ. ರಿಕ್ಷಾದಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ ಮನೆಯ ಬೀಗ ತೆಗೆಯುತ್ತಾ ಹೇಳಿದಳು: “ನಿಮ್ಮ ಪತ್ರ ಹೋಟೆಲಿನ ಸಾಂಬಾರಿನ ಹಾಗೆ. ಇಡ್ಲಿಗೂ ಅದೇ, ವಡೆಗೂ ಅದೇ. ಮನೆಯಲ್ಲಿ ಜನರ ಸುದ್ದಿ ಹೇಳುವಾಗ ಎಷ್ಟು ಚಂದ ಹೇಳ್ತೀರಿ. ಪೆನ್ನು ಹಿಡಿದ ಕೂಡಲೇ ಆ ಮನುಷ್ಯ ಎಲ್ಲಿಗೆ ಹೋಗ್ತಾನೆ?”

ಚೆನ್ನಯನಿಗೆ ಉರಿಯಿತು. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಹಳೆಯ ಫೈಲು ತೆಗೆದು ಕೂತು, ಇದು ಯಾರದ್ದು ಅಂತ, ಗುರುತಿಗೆ ತಾನೇ ಮೂಲೆಯಲ್ಲಿ ಬರೆದಿಟ್ಟಿದ್ದ ಹೆಸರು ಮುಚ್ಚಿ ಊಹಿಸಲು ನೋಡಿದ. ಇಪ್ಪತ್ತರಲ್ಲಿ ಒಂದೂ ಸರಿಯಾಗಲಿಲ್ಲ. ‘ಕೊಡುಗೈ ದಾನಿ’ಗಳೇ ಹನ್ನೊಂದು ಜನ, ಅದರಲ್ಲಿ ಒಬ್ಬನಂತೂ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಹೆಂಡತಿಯ ಮಾತು ಸತ್ಯ ಅಂತ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಕಷ್ಟ ಗಂಡಸಿಗೆ ಬೇರೆ ಇಲ್ಲ. ಚೆನ್ನಯ ಅದನ್ನೂ ಅನುಭವಿಸಿದ.

ಅಷ್ಟರಲ್ಲಿ ಸಂಘದವರು ಮುರಾರಿ ಭಟ್ಟರಿಗೆ ಸನ್ಮಾನ ಅಂತ ನಿರ್ಧರಿಸಿದರು. ಭಟ್ಟರು ಅದೇ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಮೊಣಕಾಲು ಕೈಕೊಟ್ಟ ಮೇಲೆ ಖಾರಘರದಲ್ಲಿ ಮಗಳು ರಮಿತಾಳ ಮನೆ ಸೇರಿದ್ದರು. ಮಹಾ ಸಿಡುಕ. ಸುದ್ದಿ ಹೇಳಲು ಹೋದ ಚೆನ್ನಯನಿಗೆ, “ಶಾಲು ಎಂತಕ್ಕೆ ಮಾರಾಯ, ಈ ಸೆಕೆಗೆ?” ಎಂದಿದ್ದರು. ಮಗಳ ಒತ್ತಾಯಕ್ಕೆ ಹೂಂ ಅಂದರು.

ಈ ಸಲ ಚೆನ್ನಯ ಹಳೆಯ ಫೈಲು ಮುಟ್ಟಲಿಲ್ಲ. ಬೇರೆ ಯಾರ ಮುಂದೆ ಓದಿದರೂ ಸುಳ್ಳಾಗಬೇಕು, ಭಟ್ಟರ ಮುಂದೆ ಮಾತ್ರ ನಿಜವಾಗಬೇಕು, ಅಂಥದ್ದೊಂದು ಬರೆಯಬೇಕೆಂದು ಹಟ ಹಿಡಿದ. ನಳಿನಾಕ್ಷಿಗೆ ಹೇಳುವ ಹಾಗೆ ಬರೆದ. ಅದನ್ನು ನೋಡಿದ ಸಂಘದ ಅಧ್ಯಕ್ಷ ಸುದರ್ಶನರು ಕೆಂಪು ಪೆನ್ನು ತೆಗೆದರು. ಬೈಗುಳ, ದೋಸೆ, ಬೆಲ್ಲ ಎಲ್ಲ ಹೊಡೆದುಹಾಕಿ, ‘ಅನ್ನಪೂರ್ಣೆಯ ವರಪುತ್ರ’ ಅಂತ ಬರೆದರು. ಸಂಘಕ್ಕೆ ಒಂದು ಘನತೆ ಉಂಟು ಎಂದರು. ಚೆನ್ನಯ ವಿಧೇಯನಾಗಿ ತಲೆಯಾಡಿಸಿದ. ಎರಡೂ ಪತ್ರಗಳನ್ನು ಅಚ್ಚುಹಾಕಿಸಿ ಮನೀಶನ ಅಂಗಡಿಗೆ ಹೋದ. ಯಾವುದನ್ನು ಒಳಗೆ ಹಾಕಬೇಕೆಂದು ತಾನೇ ಬೆರಳಿಟ್ಟು ತೋರಿಸಿದ.

ಸನ್ಮಾನದ ದಿನ ಸಂಜೆ ಸಭಾಗೃಹ ತುಂಬಿತ್ತು. ಭಟ್ಟರು ಶಾಲಿನೊಳಗೆ ಬೆವರುತ್ತಾ, ಪೇಟದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಆಗ ಚೆನ್ನಯನಿಗೆ ಹೆದರಿಕೆ ಶುರುವಾಯಿತು. ಅಧ್ಯಕ್ಷರ ಹೆದರಿಕೆಯಲ್ಲ. ಆ ಮನುಷ್ಯ ಜೀವನದಲ್ಲಿ ಹತ್ತಿದ್ದು ಇದೊಂದೇ ವೇದಿಕೆ. ಜನ ಅವರನ್ನು ನೋಡಿ ನಕ್ಕರೆ, ಅವರಿಗೆ ಅವಮಾನ ಅನಿಸಿದರೆ, ನಲವತ್ತು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು. ತನ್ನ ಸಾಹಿತ್ಯದ ಚಪಲಕ್ಕೆ ಭಟ್ಟರನ್ನು ಬಲಿ ಕೊಟ್ಟೆನೇ ಅಂತ ಅನಿಸಿ, ಎದ್ದು ಹೋಗಿ ಚೌಕಟ್ಟು ಕಿತ್ತುಕೊಳ್ಳುವ ಯೋಚನೆಯೂ ಬಂತು. ನಳಿನಾಕ್ಷಿ ಅವನ ಅಂಗಿ ಹಿಡಿದು ಕೂರಿಸಿದಳು. ಅಷ್ಟರಲ್ಲಿ ಪ್ರಣೀತಾ ಓದಲು ಶುರುಮಾಡಿಯಾಗಿತ್ತು.

‘ಭಟ್ಟರೇ, ನಿಮ್ಮ ಬಾಯಿ ಒಳ್ಳೆಯದಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಒಂದು ಟ್ರೇ ಗ್ಲಾಸು ಒಡೆದಾಗ ನೀವು ಬೈದದ್ದು ಬಸ್ ಸ್ಟಾಪಿನವರೆಗೆ ಕೇಳಿತ್ತು. ನೀವು ಬೈದು ಮುಗಿಸುವಷ್ಟರಲ್ಲಿ ಧಣಿಗಳಿಗೆ ಬೈಯುವ ಉಮೇದೇ ಹೋಗಿತ್ತು. ನನ್ನ ಕೆಲಸ ಉಳಿಯಿತು. ನೀವು ಅದಕ್ಕೇ ಕೂಗಿದ್ದು ಅಂತ ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಬೆಳಗ್ಗಿನ ಮೊದಲ ದೋಸೆ ಯಾವಾಗಲೂ ಕಾವಲಿಗೆ ಅಂಟುತ್ತದೆ. ಅದನ್ನು ನೀವು ಗಿರಾಕಿಗೆ ಕೊಟ್ಟವರಲ್ಲ, ಬಿಸಾಡಿದವರೂ ಅಲ್ಲ. ಬೆಲ್ಲ ಹಚ್ಚಿ, ಹಿಂದಿನ ಬಾಗಿಲಲ್ಲಿ ನಿಂತು ಅರ್ಧ ತಿನ್ನುತ್ತಿದ್ದಿರಿ. ಉಳಿದ ಅರ್ಧವನ್ನು ನಿಮಗೆ ಗೊತ್ತಾಗದ ಹಾಗೆ ವರ್ಷಗಟ್ಟಲೆ ಕದ್ದು ತಿಂದ ಕಳ್ಳ ನಾನು.’

ಮೊದಲು ಹಿಂದಿನ ಸಾಲಿನಲ್ಲಿ ಕೂತಿದ್ದ ಹೋಟೆಲಿನವರು ನಕ್ಕರು, ಆಮೇಲೆ ಎಲ್ಲರೂ. ಸುದರ್ಶನರ ಮುಖ ಹುಳಿಹುಳಿಯಾಯಿತು. ಭಟ್ಟರು ಮಾತ್ರ ನಗಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಪ್ರಣೀತಾಳ ಕೈಯಿಂದ ಮೈಕು ತೆಗೆದುಕೊಂಡರು. ಚೆನ್ನಯನನ್ನು ಹುಡುಕಿ ದುರುಗುಟ್ಟಿ ನೋಡಿದರು.

“ಗೊತ್ತಾಗದ ಹಾಗೆಯಾ?” ಎಂದರು. “ಮತ್ತೆ ಆ ಅರ್ಧ ನಾನು ಬಿಟ್ಟದ್ದು ಯಾರಿಗೆ, ಬೆಕ್ಕಿಗಾ?”

ಮೈಕು ವಾಪಸು ಕೊಟ್ಟು ಕೂತರು. ಇಡೀ ಸಭೆ ಎದ್ದು ನಗುತ್ತಿತ್ತು. ಚೆನ್ನಯನಿಗೆ ಏನೂ ಕೇಳಿಸಲಿಲ್ಲ, ಅಳು ಬಂದುಬಿಟ್ಟಿತ್ತು. ನಳಿನಾಕ್ಷಿ ಅಂದು ನಗು ತಡೆದ ಅದೇ ಸೆರಗನ್ನು ಅವನ ಕೈಗೆ ಕೊಟ್ಟಳು.

ಊಟದ ಸಾಲಿನಲ್ಲಿ ಸುದರ್ಶನರು ಹಿಡಿದು ಕೇಳಿದರು, ಇದು ಹೇಗಾಯಿತು ಅಂತ. ಮನೀಶನಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಚೆನ್ನಯ ನಿಟ್ಟುಸಿರು ಬಿಟ್ಟ. ಅಧ್ಯಕ್ಷರು ಆಚೀಚೆ ನೋಡಿ, ಬರುವ ವರ್ಷ ತಮ್ಮ ಅರುವತ್ತಕ್ಕೂ ಅಂಥದ್ದೇ ಒಂದು ಬರೆಯಬಹುದಾ ಅಂತ ಮೆಲ್ಲಗೆ ವಿಚಾರಿಸಿದರು. ಧಾರಾಳವಾಗಿ ಬರೆಯುತ್ತೇನೆ, ಮೊದಲು ಎರಡು ದಿನ ನಿಮ್ಮ ಮನೆಗೆ ಬಂದು ನಿಮ್ಮ ಹೆಂಡತಿಯ ಹತ್ತಿರ ಕೂತು ಮಾತಾಡಬೇಕು ಎಂದ ಚೆನ್ನಯ. ಸುದರ್ಶನರು ಅನ್ನಕ್ಕೆ ಸಾಂಬಾರು ಹಾಕಿಸಿಕೊಂಡು ಬೇಗ ಮುಂದೆ ಹೋದರು.

ಮರುದಿನ ರಮಿತಾ ಫೋನು ಮಾಡಿದ್ದಳು. ರೈಲಿನಲ್ಲಿ ಅಷ್ಟು ಸೆಕೆಯಿದ್ದರೂ ಅಪ್ಪ ಖಾರಘರದವರೆಗೆ ಶಾಲು ತೆಗೆಯಲಿಲ್ಲವಂತೆ.